ಕಾಡು ವಾಲ್‌ಫ್ಲವರ್‌ಗಳ ಗುರುತು: ಹೂವಿನ ಬಣ್ಣ ಬಿಡಿ, ಕಾಯಿ ನೋಡಿ

ಉತ್ತರ ಅಮೆರಿಕದ ಪಶ್ಚಿಮ ಭಾಗದಲ್ಲಿ ಸಮುದ್ರದಂಚಿನ ಮರಳುದಿಬ್ಬದಿಂದ ಹಿಡಿದು ಮರಗಳೇ ಬೆಳೆಯದ ಪರ್ವತದೆತ್ತರದವರೆಗೆ ವಾಲ್‌ಫ್ಲವರ್ ಸಿಗುತ್ತದೆ. ನೆಟ್ಟಗೆ ನಿಂತ ಕಾಂಡ, ತುದಿಯಲ್ಲಿ ಗುಂಪುಗೂಡಿದ ನಾಲ್ಕು ದಳದ ಹಳದಿ ಅಥವಾ ಕಿತ್ತಳೆ ಹೂಗಳು. ಇಷ್ಟು ನೋಡಿ ‘ಇದು ವಾಲ್‌ಫ್ಲವರ್’ ಅನ್ನುವುದಕ್ಕೆ ಯಾರಿಗೂ ಕಷ್ಟವಿಲ್ಲ. ಯಾವ ವಾಲ್‌ಫ್ಲವರ್ ಎಂದು ಕೇಳಿದಾಗಲೇ ತಡವರಿಕೆ ಶುರು. ಇವುಗಳ ಕುಲ ಎರಿಸಿಮಮ್. ಅದರ ಸುಮಾರು 20 ಪ್ರಭೇದಗಳು ಆ ಖಂಡದಲ್ಲಿವೆ. ಹೆಚ್ಚಿನವು ಅಲ್ಲಿಯವೇ, ಕೆಲವು ಯುರೋಪು, ಏಷ್ಯಾಗಳಿಂದ ಬಂದು ನೆಲೆಯೂರಿದ ಕಳೆಗಳು. ಹೂವಿನ ಬಣ್ಣ ಒಂದೇ ಪ್ರಭೇದದೊಳಗೆ ಹಳದಿಯಿಂದ ಕಡುಕಿತ್ತಳೆಗೆ, ಅಲ್ಲಿಂದ ನೇರಳೆಗೂ ತಿರುಗುತ್ತದೆ. ಬೇರೆ ಬೇರೆ ಪ್ರಭೇದಗಳು ಒಂದೇ ಹಳದಿಯಲ್ಲಿ ಅರಳುತ್ತವೆ. ನಂಬಬಹುದಾದ ಗುರುತುಗಳಿರುವುದು ಕಾಯಿಯಲ್ಲಿ, ಕಾಯಿತೊಟ್ಟಿನಲ್ಲಿ ಮತ್ತು ಎಲೆಯ ಮೇಲಿನ ರೋಮಗಳಲ್ಲಿ.

ಒಂದು ಅನುಕೂಲವೂ ಇದೆ. ವಾಲ್‌ಫ್ಲವರಿನ ಹೂಗೊಂಚಲು ಕೆಳಗಿನಿಂದ ಮೇಲಕ್ಕೆ ಅರಳುತ್ತಾ, ಅರಳಿದಂತೆ ಉದ್ದವಾಗುತ್ತಾ ಹೋಗುತ್ತದೆ. ಹಾಗಾಗಿ ಹೂಗಾಲದ ಕೊನೆಯ ಭಾಗದಲ್ಲಿ ಹೋದರೆ ಒಂದೇ ಗಿಡದ ತುದಿಯಲ್ಲಿ ಹೂ, ಬುಡದ ಕಡೆ ಬಲಿತ ಕಾಯಿ ಎರಡೂ ಸಿಗುತ್ತವೆ. ಮೊದಲ ಹೂ ಬಿಟ್ಟ ವಾರವೇ ಹೋಗಿ ಹೆಸರಿಡುವ ಆತುರ ಬೇಡ.

ಮೊದಲು ಕುಲ ಖಚಿತವಾಗಲಿ

ವಾಲ್‌ಫ್ಲವರ್ ಸಾಸಿವೆ ಕುಟುಂಬದ್ದು. ನಾಲ್ಕು ಪುಷ್ಪಪತ್ರ, ಶಿಲುಬೆಯಂತೆ ಎದುರುಬದುರಾದ ನಾಲ್ಕು ದಳ, ಆರು ಕೇಸರ, ಅವುಗಳಲ್ಲಿ ನಾಲ್ಕು ಉದ್ದ ಎರಡು ಗಿಡ್ಡ: ಈ ಲೆಕ್ಕ ಕುಟುಂಬಕ್ಕೆಲ್ಲ ಸಾಮಾನ್ಯ. ಆದ್ದರಿಂದ ಟಂಬಲ್ ಮಸ್ಟರ್ಡ್, ವಿಂಟರ್‌ಕ್ರೆಸ್, ಕಾಡುಸಾಸಿವೆಗಳ ಹಳದಿ ಹೂವು ದೂರದಿಂದ ಮೋಸ ಮಾಡುತ್ತದೆ. ಆ ಗಿಡಗಳ ಕೆಳಗಿನ ಎಲೆಗಳು ಸಾಮಾನ್ಯವಾಗಿ ಗರಿಯಂತೆ ಆಳವಾಗಿ ಸೀಳಿರುತ್ತವೆ. ವಾಲ್‌ಫ್ಲವರಿನ ಎಲೆ ಉದ್ದನೆಯದು, ಕಿರಿದಾದದ್ದು, ಅಂಚು ನಯವಾಗಿರಬಹುದು ಅಥವಾ ಹಲ್ಲುಹಲ್ಲಾಗಿರಬಹುದು, ಅಷ್ಟೆ.

ಸಂಶಯ ಉಳಿದರೆ ರೋಮ ತೀರ್ಮಾನ ಮಾಡುತ್ತದೆ. ಸಾಸಿವೆ ಜಾತಿಯ ಅನೇಕ ಗಿಡಗಳಲ್ಲಿ ರೋಮವೇ ಇರುವುದಿಲ್ಲ, ಇದ್ದರೂ ಬುಡ ಊರಿ ತುದಿ ಮೇಲೆತ್ತಿದ ಒಂಟಿ ಕೂದಲು. ಎರಿಸಿಮಮ್‌ನ ರೋಮ ಹಾಗಲ್ಲ. ಅದು ತಕ್ಕಡಿಯ ಅಡ್ಡಕೋಲಿನಂತೆ ನಡುವಿನಲ್ಲಿ ಮಾತ್ರ ಎಲೆಗೆ ಅಂಟಿಕೊಂಡು, ಎರಡು ಚೂಪುತುದಿಗಳನ್ನು ಅತ್ತಿತ್ತ ಚಾಚಿ ಎಲೆಯ ಮೈಗೆ ಒತ್ತಿಕೊಂಡು ಮಲಗಿರುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಕೈಮಸೂರದಲ್ಲಿ ಇದು ಎಲೆಯ ಉದ್ದಕ್ಕೆ ಸಮಾನಾಂತರವಾಗಿ ಹರಡಿದ ಬೆಳ್ಳಗಿನ ಸಣ್ಣ ಗೀರುಗಳಂತೆ ಕಾಣುತ್ತದೆ. ಕೆಲವು ಪ್ರಭೇದಗಳಲ್ಲಿ ಅದೇ ನಡುಬಿಂದುವಿನಿಂದ ಮೂರು, ನಾಲ್ಕು, ಐದು ಕವಲು ಹೊರಟು ಪುಟ್ಟ ನಕ್ಷತ್ರವಾಗುತ್ತದೆ. ಎರಡೇ ಕವಲೋ, ಮೂರೋ ಅದಕ್ಕಿಂತ ಹೆಚ್ಚೋ ಎಂದು ಎಣಿಸಲು 20 ಪಟ್ಟಿನ ಮಸೂರ ಬೇಕು.

ಎಣಿಸುವಾಗ ಆಗುವ ತಪ್ಪುಗಳು ಎರಡು. ಕಾಂಡದ ಮೇಲಿನ ರೋಮ ನೋಡಿ ತೀರ್ಮಾನಿಸುವುದು ಮೊದಲನೆಯದು. ಎಲೆಯಲ್ಲಿ ಮೂರು-ನಾಲ್ಕು ಕವಲಿರುವ ಪ್ರಭೇದದಲ್ಲೂ ಕಾಂಡದ ಮೇಲೆ ಎರಡು ಕವಲಿನವೇ ಹೆಚ್ಚಿರುತ್ತವೆ. ಎರಡನೆಯದು, ಬುಡದ ಮುದಿ ಎಲೆ ಆರಿಸಿಕೊಳ್ಳುವುದು. ಅದರ ರೋಮ ಉಜ್ಜಿಹೋಗಿರುತ್ತದೆ, ಮಣ್ಣು ಮೆತ್ತಿರುತ್ತದೆ. ಕಾಂಡದ ನಡುಭಾಗದ ಹಸಿರೆಲೆಯೊಂದರ ಮೇಲ್ಮೈಯನ್ನು ನೋಡಿ. ಬೆಳಕು ನೇರ ಮೇಲಿನಿಂದ ಬಿದ್ದರೆ ಒತ್ತಿಮಲಗಿದ ರೋಮ ಕಾಣುವುದೇ ಇಲ್ಲ, ಪಕ್ಕದಿಂದ ಬೀಳುವಂತೆ ಎಲೆಯನ್ನು ಓರೆಯಾಗಿ ಹಿಡಿಯಬೇಕು.

ದಳ ಅಳೆಯುವುದರಲ್ಲಿ ಒಂದು ಹೊಂಚು

ಹೂವಿನಿಂದ ಸಿಗುವ ಉಪಯುಕ್ತ ಮಾಹಿತಿ ದಳದ ಉದ್ದ. ಅದರಿಂದ ಸಣ್ಣ ಹೂವಿನ ಪ್ರಭೇದಗಳು ಒಂದು ಕಡೆ, ದೊಡ್ಡ ಹೂವಿನವು ಇನ್ನೊಂದು ಕಡೆ ಎಂದು ಮೊದಲ ವಿಂಗಡಣೆ ಆಗಿಹೋಗುತ್ತದೆ. ಆದರೆ ಇಲ್ಲೇ ಹೊಸಬರು ಎಡವುತ್ತಾರೆ. ವಾಲ್‌ಫ್ಲವರಿನ ದಳಕ್ಕೆ ಎರಡು ಭಾಗ. ಹೊರಗೆ ಅಗಲವಾಗಿ ಹರಡಿ ಕಾಣುವುದು ಮೇಲ್ಭಾಗ ಮಾತ್ರ. ಕೆಳಗಿನ ಸಪೂರ ಭಾಗ, ಸಸ್ಯಶಾಸ್ತ್ರದ ಮಾತಿನಲ್ಲಿ ದಳದ ಉಗುರು, ಪುಷ್ಪಪತ್ರಗಳ ಕೊಳವೆಯೊಳಗೆ ಅಡಗಿರುತ್ತದೆ. ದೊಡ್ಡ ಹೂವಿನ ಪ್ರಭೇದಗಳಲ್ಲಿ ಈ ಉಗುರು ಹೊರಗೆ ಕಾಣುವ ಭಾಗದಷ್ಟೇ ಉದ್ದ, ಎಷ್ಟೋ ಸಲ ಅದಕ್ಕಿಂತಲೂ ಉದ್ದ. ಕೈಪಿಡಿಗಳಲ್ಲಿ ಕೊಟ್ಟಿರುವ ಅಳತೆ ಎರಡೂ ಸೇರಿದ್ದು. ಕಂಡಷ್ಟನ್ನೇ ಅಳೆದರೆ 18 ಮಿಲಿಮೀಟರಿನ ದಳ 8 ಮಿಲಿಮೀಟರ್ ಎಂದು ದಾಖಲಾಗಿ, ಗಿಡ ಸೀದಾ ತಪ್ಪು ಗುಂಪಿಗೆ ಹೋಗುತ್ತದೆ.

ಪೂರ್ತಿ ಅರಳಿದ ಒಂದು ಹೂವಿನ ಪುಷ್ಪಪತ್ರ ಸರಿಸಿ, ಒಂದೇ ಒಂದು ದಳವನ್ನು ಬುಡಸಮೇತ ಹೊರತೆಗೆದು ಅಳತೆಪಟ್ಟಿಯ ಮೇಲಿಡಿ. ಮುಖ್ಯ ಕಾಂಡದ ಹೂವನ್ನೇ ಆರಿಸಿ. ಜಿಂಕೆ ಅಥವಾ ದನ ತುದಿ ಮೇಯ್ದ ಮೇಲೆ ಪಕ್ಕದಿಂದ ಚಿಗುರಿದ ಕೊಂಬೆಗಳಲ್ಲಿ, ಋತುವಿನ ಕೊನೆಯ ಹೂಗಳಲ್ಲಿ ದಳ ಚಿಕ್ಕದಾಗಿರುತ್ತದೆ. ಹಾಗೆ ಮೇಯಿಸಿಕೊಂಡ ಗಿಡ ಹಲವು ಕಾಂಡ ಬಿಟ್ಟು ಬಹುವಾರ್ಷಿಕದಂತೆ ನಟಿಸುವುದೂ ಉಂಟು. ನಿಜವಾದ ಬಹುವಾರ್ಷಿಕವಾದರೆ ಬುಡದಲ್ಲಿ ಹಿಂದಿನ ವರ್ಷಗಳ ಒಣ ಎಲೆತೊಟ್ಟುಗಳ ಗೊಂಚಲು ಉಳಿದಿರುತ್ತದೆ.

ದಳ 10–11 ಮಿಲಿಮೀಟರಿಗಿಂತ ಚಿಕ್ಕದಾದರೆ ಸಣ್ಣ ಹೂವಿನ ಗುಂಪು, 12ಕ್ಕಿಂತ ದೊಡ್ಡದಾದರೆ ದೊಡ್ಡ ಹೂವಿನ ಗುಂಪು. ನಡುವೆ ಬಿದ್ದರೆ ಇನ್ನೆರಡು ಹೂ ಅಳೆಯಿರಿ.

ಸಣ್ಣ ಹೂವಿನವು ಮೂರು

ಇವು ಸುಲಭದವು. ಎರಿಸಿಮಮ್ ಚೈರಾಂಥಾಯ್ಡಿಸ್, ಅಂದರೆ ವರ್ಮ್‌ಸೀಡ್ ವಾಲ್‌ಫ್ಲವರ್, ಯುರೋಪು–ಏಷ್ಯಾ ಮೂಲದ ಏಕವಾರ್ಷಿಕ. ಹೊಲದಂಚು, ಹೊಳೆದಂಡೆ, ಕೆದಕಿದ ಮಣ್ಣು ಇದಕ್ಕೆ ಪ್ರಿಯ. ದಳ 3ರಿಂದ 5 ಮಿಲಿಮೀಟರ್ ಅಷ್ಟೆ, ಇಡೀ ಕುಲದಲ್ಲೇ ಅತಿ ಚಿಕ್ಕ ಹೂಗಳ ಸಾಲಿನದು. ಕಾಯಿ ಗಿಡ್ಡ, ಸಾಮಾನ್ಯವಾಗಿ ಒಂದರಿಂದ ಎರಡೂವರೆ ಸೆಂಟಿಮೀಟರ್. ಕಾಯಿತೊಟ್ಟು ಕಾಯಿಗಿಂತ ಎದ್ದು ಕಾಣುವಷ್ಟು ಸಪೂರ. ಎಲೆಯ ರೋಮದಲ್ಲಿ ಮೂರು-ನಾಲ್ಕು ಕವಲು. ಈ ನಾಲ್ಕೂ ಕೂಡಿಬಂದರೆ ಬೇರೆ ಯೋಚನೆ ಬೇಕಿಲ್ಲ. ಅಂದಹಾಗೆ ಸಾಸಿವೆ ಕುಟುಂಬದ ಘಾಟು ರಾಸಾಯನಿಕಗಳ ಜೊತೆಗೆ ಈ ಕುಲದಲ್ಲಿ ಹೃದಯದ ಮೇಲೆ ಕೆಲಸ ಮಾಡುವ ಕಾರ್ಡಿನೊಲೈಡ್ ವಿಷಗಳೂ ಇವೆ. ಎಲೆಕೋಸಿನ ಬಿಳಿ ಚಿಟ್ಟೆ ಈ ಗಿಡದ ಮೇಲೆ ಮೊಟ್ಟೆಯಿಡಲು ಹಿಂಜರಿಯುವುದು ಅವುಗಳಿಂದಲೇ. ಎಲೆ ಕಚ್ಚಿ ರುಚಿ ನೋಡಿ ಗುರುತಿಸುವ ಹಳೆಯ ಅಭ್ಯಾಸವನ್ನು ಇಲ್ಲಿ ತೋರಿಸಬೇಡಿ.

ಎರಡನೆಯದು ಎರಿಸಿಮಮ್ ರಿಪ್ಯಾಂಡಮ್. ಇದೂ ಹೊರಗಿನಿಂದ ಬಂದ ಏಕವಾರ್ಷಿಕ ಕಳೆ. ವಸಂತದ ಆರಂಭದಲ್ಲೇ ಹೂಬಿಟ್ಟು ಬೇಗ ಒಣಗುತ್ತದೆ. ದಳ 6–8 ಮಿಲಿಮೀಟರ್. ಎಲೆಯಂಚು ಅಲೆಅಲೆಯಾಗಿ ಒರಟು ಹಲ್ಲು ಕಚ್ಚಿರುತ್ತದೆ. ಇದನ್ನು ಬಿಟ್ಟುಕೊಡುವುದು ಕಾಯಿತೊಟ್ಟು: ಎರಡರಿಂದ ನಾಲ್ಕು ಮಿಲಿಮೀಟರಿನ ಮೋಟು ತೊಟ್ಟು, ದಪ್ಪ ಕಾಯಿಯಷ್ಟೇ. ತೊಟ್ಟು ಎಲ್ಲಿ ಮುಗಿಯಿತು, ಕಾಯಿ ಎಲ್ಲಿ ಶುರುವಾಯಿತು ಎಂದು ಹುಡುಕಬೇಕಾಗುತ್ತದೆ. ಕಾಯಿಗಳು ಉದ್ದವಾಗಿ, ಕಾಂಡಕ್ಕೆ ಅಡ್ಡಡ್ಡ ಚಾಚಿಕೊಂಡಿರುತ್ತವೆ.

ಮೂರನೆಯದು ಎರಿಸಿಮಮ್ ಇನ್‌ಕಾನ್‌ಸ್ಪಿಕ್ಯುಯಮ್, ಅಲ್ಲಿಯದೇ ಗಿಡ, ಉತ್ತರದ ಬಯಲುಗಳದು, ಅಲಾಸ್ಕದವರೆಗೂ ಹಬ್ಬಿದೆ. ದಳದ ಗಾತ್ರದಲ್ಲಿ ರಿಪ್ಯಾಂಡಮ್‌ಗೆ ಹತ್ತಿರ. ಆದರೆ ಇದರ ಕಾಯಿ ನೆಟ್ಟಗೆ ಮೇಲಕ್ಕೆ ನಿಂತು ಕಾಂಡಕ್ಕೆ ಒರಗಿದಂತಿರುತ್ತದೆ, ಗಿಡ ಒಂದಕ್ಕಿಂತ ಹೆಚ್ಚು ವರ್ಷ ಬದುಕುತ್ತದೆ. ಅಡ್ಡ ಕಾಯಿಯೋ ನೆಟ್ಟ ಕಾಯಿಯೋ, ಅದೊಂದೇ ಇವೆರಡನ್ನು ಬೇರೆ ಮಾಡಲು ಸಾಕು.

ಜಗಳವಿರುವುದು ಇಲ್ಲಿ: ಕ್ಯಾಪಿಟೇಟಮ್ ಮತ್ತು ಆಸ್ಪರಮ್

ದೊಡ್ಡ ಹೂವಿನ ಗುಂಪಿನಲ್ಲಿ ಎದುರಾಗುವ ಗಿಡಗಳಲ್ಲಿ ಹೆಚ್ಚಿನವು ಎರಿಸಿಮಮ್ ಕ್ಯಾಪಿಟೇಟಮ್. ಪಶ್ಚಿಮದಲ್ಲೆಲ್ಲ ಹರಡಿ, ಮೆಕ್ಸಿಕೊಗೆ ಇಳಿದು, ಪೂರ್ವದಲ್ಲಿ ಓಹಾಯೊ, ಟೆನೆಸಿಯಂಥ ಕಡೆ ಅಲ್ಲೊಂದು ಇಲ್ಲೊಂದು ಬಂಡೆಪ್ರದೇಶದಲ್ಲೂ ಕಾಣಿಸಿಕೊಳ್ಳುತ್ತದೆ. ಇಷ್ಟು ಹರಡಿದ ಗಿಡ ಒಂದೇ ತೆರನಾಗಿ ಇರುವುದುಂಟೇ! ಗೇಣುದ್ದದ್ದೂ ಇದೆ, ಒಂದು ಮೀಟರ್ ಎತ್ತರದ್ದೂ ಇದೆ. ದಳ 12ರಿಂದ 25 ಮಿಲಿಮೀಟರ್, ಕೆಲವೊಮ್ಮೆ ಇನ್ನೂ ಹೆಚ್ಚು. ಬಣ್ಣ ಹಳದಿ, ಕಿತ್ತಳೆ, ಇಟ್ಟಿಗೆಗೆಂಪು. ರಾಕಿ ಪರ್ವತಗಳ ಎತ್ತರದ ತಾಣಗಳಲ್ಲಿ ನೇರಳೆ ಛಾಯೆಯ ಹೂಗಳೂ ಸಿಗುತ್ತವೆ.

ಎರಿಸಿಮಮ್ ಆಸ್ಪರಮ್ ಬಯಲುಸೀಮೆಯದು, ಗ್ರೇಟ್ ಪ್ಲೇನ್ಸ್‌ನ ಹುಲ್ಲುಗಾವಲಿನ ದ್ವಿವಾರ್ಷಿಕ. ಹೂ ಹಳದಿ. ಬಹಳಷ್ಟು ಹಳೆಯ ಕೈಪಿಡಿಗಳು ಪರ್ವತಗಳ ಕ್ಯಾಪಿಟೇಟಮ್‌ಅನ್ನೂ ಆಸ್ಪರಮ್ ಎಂದೇ ಕರೆದವು. ಹಾಗಾಗಿ ಹಳೆಯ ಪಟ್ಟಿಯಲ್ಲಿ ಕ್ಯಾಲಿಫೋರ್ನಿಯದ ಆಸ್ಪರಮ್ ಎಂದು ಕಂಡರೆ ಈಗ ಅದನ್ನು ಕ್ಯಾಪಿಟೇಟಮ್ ಎಂದು ಓದಿಕೊಳ್ಳುವುದು ಸರಿ.

ಎರಡನ್ನು ಬೇರ್ಪಡಿಸುವ ಕ್ರಮ ಹೀಗೆ. ಹೂಗೊಂಚಲಿನ ಕೆಳಗಿನ ಮೂರನೆಯ ಒಂದು ಭಾಗದಲ್ಲಿರುವ, ಪೂರ್ತಿ ಉದ್ದವಾದರೂ ಇನ್ನೂ ಹಸಿರಾಗಿರುವ ನಾಲ್ಕೈದು ಕಾಯಿಗಳನ್ನು ನೋಡಿ. ಕ್ಯಾಪಿಟೇಟಮ್‌ನಲ್ಲಿ ಅವು ಸಾಮಾನ್ಯವಾಗಿ ಮೇಲ್ಮುಖವಾಗಿ ಏರಿರುತ್ತವೆ. ಆಸ್ಪರಮ್‌ನಲ್ಲಿ ಅಗಲವಾಗಿ ಹೊರಚಾಚಿ, ಕಾಂಡಕ್ಕೆ ಹೆಚ್ಚುಕಡಿಮೆ ಲಂಬಕೋನದಲ್ಲಿ ನಿಲ್ಲುತ್ತವೆ. ತುದಿಯ ಎಳೆಗಾಯಿಗಳ ಕೋನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಹೊರಚಾಚುವ ಪ್ರಭೇದದಲ್ಲೂ ಎಳೆಗಾಯಿ ಮೊದಮೊದಲು ಮೇಲಕ್ಕೇ ಇದ್ದು, ಬಲಿಯುತ್ತಾ ಕೆಳಗೆ ತೆರೆದುಕೊಳ್ಳುತ್ತದೆ.

ಆಮೇಲೆ ಒಂದು ಕಾಯಿಯನ್ನು ಹತ್ತಿರದಿಂದ ನೋಡಬೇಕು. ಆಸ್ಪರಮ್‌ನ ಕಾಯಿ ಚೌಕಾಕಾರದ್ದು, ನಾಲ್ಕು ಏಣುಗಳು ಸ್ಪಷ್ಟ. ಏಣಿನ ಉದ್ದಕ್ಕೂ ರೋಮ ವಿರಳವಾಗಿ ಹಸಿರು ಮೈ ಕಾಣುತ್ತದೆ, ಎರಡು ಏಣುಗಳ ನಡುವಿನ ಪಟ್ಟಿಯಲ್ಲಿ ರೋಮ ದಟ್ಟವಾಗಿ ಬೂದುಬಣ್ಣ ಬರುತ್ತದೆ. ಪರಿಣಾಮ, ಕಾಯಿಯ ಬುಡದಿಂದ ತುದಿಯವರೆಗೆ ಹಸಿರು-ಬೂದು ಗೆರೆಗಳು. ಬರಿಗಣ್ಣಿಗೂ ಕಾಣುವ ಈ ಪಟ್ಟೆ ಕ್ಯಾಪಿಟೇಟಮ್‌ನಲ್ಲಿ ಇಷ್ಟು ನಿಚ್ಚಳವಾಗಿರುವುದಿಲ್ಲ. ಅಲ್ಲಿ ರೋಮ ಕಾಯಿಯ ಮೇಲೆಲ್ಲ ಸಮನಾಗಿ ಹರಡಿರುತ್ತದೆ. ಕೋನ, ಪಟ್ಟೆ ಇವೆರಡರಲ್ಲಿ ಒಂದನ್ನೇ ನಂಬಬೇಕಾದರೆ ಪಟ್ಟೆಯನ್ನು ನಂಬಿ. ಗಾಳಿಗೆ ಬಾಗಿದ, ನೆರಳಿನಲ್ಲಿ ಸೊರಗಿದ ಗಿಡದ ಕೋನ ಏನನ್ನಾದರೂ ಹೇಳೀತು. ಬಣ್ಣದ ಮಾತಿಗೆ ಇಲ್ಲಿ ಒಂದೇ ಬಳಕೆ: ಹೂ ಕಡುಕಿತ್ತಳೆ ಅಥವಾ ನೇರಳೆಯಾಗಿದ್ದರೆ ಅದು ಆಸ್ಪರಮ್ ಅಲ್ಲ. ಹಳದಿಯಾಗಿದ್ದರೆ ಎರಡೂ ಆಗಬಹುದು.

ಕೊಲೊರಾಡೊದಲ್ಲಿ ಬಯಲು ಮುಗಿದು ರಾಕಿ ಪರ್ವತಗಳ ತಪ್ಪಲು ಶುರುವಾಗುವ ಕಡೆ ಎರಡೂ ಪ್ರಭೇದಗಳು ಸಂಧಿಸುತ್ತವೆ. ಅಲ್ಲಿ ಅರ್ಧ ಏರಿದ, ಮಸುಕು ಪಟ್ಟೆಯ ಕಾಯಿಗಳ ಗಿಡಗಳು ಸಿಗುವುದು ಸಹಜ. ಎರಡರಲ್ಲೂ ವರ್ಣತಂತುಗಳ ಸಂಖ್ಯೆ 36. ಹಾಗಾಗಿ ಬೆರಕೆಗೆ ಆ ಕಡೆಯಿಂದ ತಡೆಯಿಲ್ಲ. ಅಂಥ ಗಿಡಕ್ಕೆ ಬಲವಂತವಾಗಿ ಒಂದು ಹೆಸರು ಅಂಟಿಸುವುದಕ್ಕಿಂತ ‘ಕ್ಯಾಪಿಟೇಟಮ್–ಆಸ್ಪರಮ್ ನಡುವಿನದು’ ಎಂದು ಬರೆದು, ಕಾಯಿಯ ವಿವರ ಸೇರಿಸುವುದೇ ಲೇಸು.

ಇನ್ನೊಂದು ತೊಡಕು ಮನುಷ್ಯರದೇ. ಸೈಬೀರಿಯನ್ ವಾಲ್‌ಫ್ಲವರ್ ಎಂದು ಮಾರಾಟವಾಗುವ ತೋಟದ ಮಿಶ್ರತಳಿಯ ಬೀಜ ‘ಕಾಡುಹೂ ಮಿಶ್ರಣ’ದ ಪೊಟ್ಟಣಗಳಲ್ಲಿ ಸೇರಿ ರಸ್ತೆಬದಿಗಳಿಗೆ ಬಂದಿದೆ. ಸಾಲುಸಾಲಾಗಿ ಒಂದೇ ಎತ್ತರ, ಒಂದೇ ಹೊಳೆಯುವ ಕಿತ್ತಳೆ, ಪಕ್ಕದಲ್ಲಿ ಆ ಸೀಮೆಯದಲ್ಲದ ಬೇರೆ ತೋಟದ ಹೂಗಳು: ಹೀಗಿದ್ದರೆ ಕ್ಯಾಪಿಟೇಟಮ್ ಎಂದು ಬರೆಯುವ ಮುನ್ನ ಆ ಜಾಗದಲ್ಲಿ ಬೀಜ ಬಿತ್ತಲಾಗಿತ್ತೇ ಎಂದು ವಿಚಾರಿಸಿ.

ಕಾಯಿ ಕತ್ತರಿಸಿದಾಗ

ದೊಡ್ಡ ಹೂವಿನ ಉಳಿದ ಪ್ರಭೇದಗಳಿಗೆ ಕೀಲಿಕೈ ಕಾಯಿಯ ಅಡ್ಡಸೀಳು. ಹಸಿ ಕಾಯಿಯೊಂದನ್ನು ಬ್ಲೇಡಿನಿಂದ ನಡುವೆ ಅಡ್ಡ ಕತ್ತರಿಸಿ, ತುದಿಯನ್ನು ನೋಡಿ. ಸೀಳು ಚೌಕವಾಗಿದೆಯೋ, ಚಪ್ಪಟೆಯಾಗಿದೆಯೋ? ಚಪ್ಪಟೆಯಾಗಿದ್ದರೆ ಒಳಗಿನ ತೆಳುಪೊರೆಯ ಗೋಡೆ ಕಾಯಿಯ ಅಗಲಕ್ಕೆ ಪೂರ್ತಿ ಹರಡಿರುತ್ತದೆ. ಒಣಗಿದ ಕಾಯಿಯಲ್ಲಿ ಈ ಪರೀಕ್ಷೆ ಮಾಡಬಾರದು. ಒಣಗಿದಾಗ ಗೋಡೆ ಕುಗ್ಗಿ ಬೀಜಗಳ ಮೇಲೆ ಬಿಗಿಯುವುದರಿಂದ ಯಾವ ಕಾಯಿಯಾದರೂ ಮಣಿಮಣಿಯಾಗಿ, ಚಪ್ಪಟೆಯಾಗಿ ಕಂಡೀತು.

ಹಸಿಯಲ್ಲೇ ಬೀಜಬೀಜದ ನಡುವೆ ಸೊಂಟ ಬಿಗಿದಂತೆ ಇರುವ ಚಪ್ಪಟೆ ಕಾಯಿ ಪರ್ವತದ ಎರಡು ಬಹುವಾರ್ಷಿಕಗಳ ಲಕ್ಷಣ. ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ಮತ್ತು ಕ್ಯಾಸ್ಕೇಡ್ ಪರ್ವತಗಳ ಸುತ್ತ ಅದು ಎರಿಸಿಮಮ್ ಅರೆನಿಕೊಲಾ: ನಿಂಬೆಹಳದಿ ಹೂ, ಹಲ್ಲಂಚಿನ ಎಲೆ, ಕಾಯಿಯ ತುದಿಯಲ್ಲಿ ಉಳಿದ ಶಲಾಕೆ (ಹೂವಿನ ಅಂಡಾಶಯದ ಮೇಲಿನ ಕಡ್ಡಿ) ಮೂತಿಯಂತೆ ಉದ್ದ. ಸಿಯೆರ್ರಾ ನೆವಾಡದ ಎತ್ತರದಲ್ಲಾದರೆ ಎರಿಸಿಮಮ್ ಪೆರೆನೆ. ಜಾಗವೇ ಇವೆರಡನ್ನು ಬೇರ್ಪಡಿಸಿ ಕೊಡುವುದರಿಂದ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ.

ಕ್ಯಾಲಿಫೋರ್ನಿಯದ ಕರಾವಳಿಯದು ಬೇರೆಯೇ ಲೋಕ. ಅಲ್ಲಿನ ಹಲವು ಪ್ರಭೇದಗಳಲ್ಲಿ ಕಾಯಿ ಚಪ್ಪಟೆ, ನೆಲ ಮರಳು ಅಥವಾ ಕಲ್ಲಿನ ದಿಬ್ಬ, ಮತ್ತು ಒಂದೊಂದೂ ಕೆಲವೇ ಕಿಲೋಮೀಟರಿನ ಪಟ್ಟಿಯಲ್ಲಿ ಮಾತ್ರ ಬದುಕಿವೆ. ಎರಿಸಿಮಮ್ ಮೆಂಜೀಸಿಯೈ ಹಂಬೋಲ್ಟ್, ಮೆಂಡೊಸಿನೊ, ಮಾಂಟೆರೆ ಕೌಂಟಿಗಳ ಮರಳುದಿಬ್ಬಗಳದು. ಗಿಡ್ಡ ಗಿಡ, ದಪ್ಪನೆಯ ಮೊಂಡುತುದಿಯ ಎಲೆಗಳ ಗುಚ್ಛ, ಚಳಿಗಾಲ ಮುಗಿಯುವ ಮುನ್ನವೇ ಗಾಢ ಹಳದಿ ಹೂ, ಆಮೇಲೆ ಅಗಲವಾಗಿ ಹೊರಚಾಚುವ ಕಾಯಿ. ಎರಿಸಿಮಮ್ ಫ್ರಾನ್ಸಿಸ್ಕಾನಮ್ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿನದು, ಹೂ ಕೆನೆಬಣ್ಣದಿಂದ ಹಳದಿ. ಮೆಂಜೀಸಿಯೈನಲ್ಲಿ ಕೆನೆಬಣ್ಣವಿಲ್ಲ. ಕರಾವಳಿಯ ಮಟ್ಟಿಗೆ ಬಣ್ಣಕ್ಕೆ ಸ್ವಲ್ಪ ಬೆಲೆ ಇದೆ ಎನ್ನಲು ಇದೇ ಆಧಾರ. ಎರಿಸಿಮಮ್ ಟೆರೆಟಿಫೋಲಿಯಮ್ ಸಾಂತಾ ಕ್ರೂಸ್ ಕೌಂಟಿಯ ಒಳನಾಡಿನ ಮರಳುಗುಡ್ಡಗಳಲ್ಲಿ ಮಾತ್ರ ಸಿಗುತ್ತದೆ. ಎಲೆ ದಾರದಷ್ಟು ಸಪೂರ. ಎಲೆ ನೋಡಿಯೇ ಹೆಸರು ಹೇಳಬಹುದಾದ ವಾಲ್‌ಫ್ಲವರ್ ಇದೊಂದೇ ಎಂದರೂ ನಡೆದೀತು. ಸ್ಯಾಕ್ರಮೆಂಟೊ–ಸ್ಯಾನ್ ವಾಕೀನ್ ನದಿಗಳು ಕೂಡುವಲ್ಲಿನ ಆಂಟಿಯಾಕ್ ದಿಬ್ಬಗಳದು ಕ್ಯಾಪಿಟೇಟಮ್‌ನದೇ ಒಂದು ತಳಿ, ಆಂಗಸ್ಟೇಟಮ್ ಅಥವಾ ಕಾಂಟ್ರಾ ಕೋಸ್ಟಾ ವಾಲ್‌ಫ್ಲವರ್.

ಹಂಬೋಲ್ಟ್ ಕೊಲ್ಲಿಯ ಮೆಂಜೀಸಿಯೈ ಗಿಡಗಳಿಗೆ ಆಲ್ಬ್ಯೂಗೊ ಎಂಬ ರೋಗಾಣುವಿನಿಂದ ಬಿಳಿತುಕ್ಕು ರೋಗ ತಗಲುತ್ತದೆ. ರೋಗ ಹಿಡಿದ ಗಿಡದ ಎಲೆಯಲ್ಲಿ ಸುಣ್ಣದ ಬೊಕ್ಕೆಗಳೆದ್ದು, ಹೂಗೊಂಚಲು, ಕಾಯಿಗಳು ಊದಿ ತಿರುಚಿಕೊಳ್ಳಬಹುದು. ಅಂಥ ಗಿಡದ ಕಾಯಿಯ ಕೋನ, ಆಕಾರ ಯಾವುದನ್ನೂ ಅಳೆಯಬೇಡಿ. ಪಕ್ಕದ ಆರೋಗ್ಯವಂತ ಗಿಡಕ್ಕೆ ಹೋಗಿ.

ಈ ಪಟ್ಟಿಯ ಮೂರು ಗಿಡಗಳು ಅಮೆರಿಕದ ಒಕ್ಕೂಟ ಸರ್ಕಾರದ ಅಳಿವಿನಂಚಿನ ಪಟ್ಟಿಯಲ್ಲಿವೆ: ಕಾಂಟ್ರಾ ಕೋಸ್ಟಾ ವಾಲ್‌ಫ್ಲವರ್ 1978ರಿಂದ, ಮೆಂಜೀಸಿಯೈ 1992ರಿಂದ, ಟೆರೆಟಿಫೋಲಿಯಮ್ 1994ರಿಂದ. ಮೇಲೆ ಹೇಳಿದ ಕಾಯಿ ಕತ್ತರಿಸುವ, ದಳ ಕೀಳುವ ಕೆಲಸ ಇವುಗಳ ಮೇಲೆ ಅನುಮತಿಯಿಲ್ಲದೆ ಸಲ್ಲದು. ಹೂಬಿಟ್ಟು ಒಮ್ಮೆಗೇ ಸಾಯುವ ಗಿಡಗಳಿಗೆ ಪ್ರತಿ ಕಾಯಿಯೂ ಮುಂದಿನ ಪೀಳಿಗೆಯ ಲೆಕ್ಕ. ಇಲ್ಲಿ ಜಾಗ, ಎಲೆಯಾಕಾರ ಮತ್ತು ಫೋಟೊದಲ್ಲಿ ಕಾಣುವ ಕಾಯಿ ಸಾಕಾಗುತ್ತವೆ.

ಫೋಟೊ ಮತ್ತು ಟಿಪ್ಪಣಿ

ಮೇಲಿನಿಂದ ತೆಗೆದ ಹೂಗೊಂಚಲಿನ ಫೋಟೊ ಸುಂದರ, ಆದರೆ ಗುರುತಿಸುವಿಕೆಗೆ ಬಹುಮಟ್ಟಿಗೆ ನಿರುಪಯೋಗಿ. ಬೇಕಾದದ್ದು ಇಡೀ ಗಿಡ ಪಕ್ಕದಿಂದ, ಕೆಳಗಿನ ಕಾಯಿಗಳು ಕಾಂಡದೊಡನೆ ಮಾಡುವ ಕೋನ ಕಾಣುವಂತೆ ಒಂದು. ಕಾಯಿ ಮತ್ತು ತೊಟ್ಟಿನ ದಪ್ಪ ಹೋಲಿಸಬಹುದಾದ ಹತ್ತಿರದ ಚಿತ್ರ ಒಂದು. ಬುಡದ ಎಲೆಗುಚ್ಛ ಒಂದು. ಅಳತೆಪಟ್ಟಿ ಪಕ್ಕದಲ್ಲಿಟ್ಟ ಹೂ ಒಂದು. ಮಸೂರವನ್ನು ಫೋನಿನ ಕ್ಯಾಮೆರಾಕ್ಕೆ ಒತ್ತಿಹಿಡಿದರೆ ಎಲೆಯ ರೋಮವೂ ಸಿಗುತ್ತದೆ, ಕೈ ನಡುಗದಂತೆ ಎಲೆಯನ್ನು ಪುಸ್ತಕದ ರಟ್ಟಿನ ಮೇಲೆ ಆನಿಸಿಕೊಳ್ಳಿ.

ಒಣಗಿಸಿ ಇಡುವ ಮಾದರಿಯಾದರೆ ಹೂವಿನ ಬಣ್ಣವನ್ನು ಆ ಕ್ಷಣವೇ ಬರೆಯಿರಿ, ಒತ್ತಿ ಒಣಗಿಸಿದ ಕಿತ್ತಳೆ ಕೆಲ ಕಾಲದಲ್ಲಿ ಹಳದಿಗೆ ಇಳಿಯುತ್ತದೆ. ಕಾಯಿ ಚೌಕವೋ ಚಪ್ಪಟೆಯೋ ಎಂಬುದನ್ನೂ ಹಸಿಯಿದ್ದಾಗಲೇ ಬರೆದಿಡಬೇಕು. ಭಾರದಡಿ ಒಣಗಿದ ಮೇಲೆ ಎಲ್ಲ ಕಾಯಿಯೂ ಚಪ್ಪಟೆಯೇ.